ಪತ್ತು ಕಾಗದಕ್ಕೆ ಬಂದಾಗ: ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಕ್ರೆಡಿಟ್ ಸ್ಕೋರ್ ಮಾಹಿತಿ

ಸಾಲ ಪಡೆದವರು ಅದನ್ನು ಹೇಗೆ ತೀರಿಸುತ್ತ ಬಂದಿದ್ದಾರೆ ಎಂಬುದನ್ನು ಮೂರು ಅಂಕಿಗಳಲ್ಲಿ ಹೇಳುವ ಎಣಿಕೆಯೇ ಕ್ರೆಡಿಟ್ ಸ್ಕೋರ್. ಭಾರತದಲ್ಲಿ ಅದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರ ಅರ್ಜಿ ಬ್ಯಾಂಕಿನಲ್ಲಿ ಸಲೀಸಾಗಿ ಮುಂದೆ ಸಾಗುತ್ತದೆ. 650ರ ಕೆಳಗೆ ಇಳಿದವರ ಅರ್ಜಿ ತಿರುಗಿ ಬರುವುದೇ ಹೆಚ್ಚು. ಜನ ಇದನ್ನು ‘ಸಿಬಿಲ್’ ಎಂದೇ ಕರೆಯುತ್ತಾರೆ. 2000ದಲ್ಲಿ ಆರಂಭವಾದ, ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂಬ ಹೆಸರಿನ ಕಂಪನಿಯಿಂದ ಬಂದ ರೂಢಿ ಇದು. ಆದರೆ ಈ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಗೆ ಒಳಪಟ್ಟಿವೆ. ಒಂದೊಂದರ ಲೆಕ್ಕದ ರೀತಿ ಒಂದೊಂದು ಬಗೆ. ಹಾಗಾಗಿ ಒಬ್ಬರದೇ ಸ್ಕೋರ್ ಒಂದೆಡೆ 740, ಇನ್ನೊಂದೆಡೆ 765 ಬಂದರೆ ಗಾಬರಿಯಾಗಬೇಕಿಲ್ಲ.

ಸೊಲ್ಲಾಪುರ ಸೀಮೆಯ ಕನ್ನಡಕ್ಕೆ ಇದರ ತಿರುಳು ಹೊಸದಲ್ಲ. ‘ಪೇಟೆಯಾಗ ಅವರ ಪತ್ತು ಚಲೋ ಅದ’ ಎಂದರೆ ಕೈಯಲ್ಲಿ ರೊಕ್ಕವಿಲ್ಲದಿದ್ದರೂ ಮಾತಿನ ಮೇಲೆ ಮಾಲು ಸಿಗುತ್ತದೆ ಎಂದರ್ಥ. ಕನ್ನಡದ ‘ಪತ್ತಿನ ಸಹಕಾರ ಸಂಘ’ದಲ್ಲೂ ಮರಾಠಿಯ ‘ಪತಸಂಸ್ಥೆ’ಯಲ್ಲೂ ಇರುವುದು ಇದೇ ಪತ್ತು. ಹಳೆಯ ಪತ್ತು ನೆರೆಹೊರೆಯವರ ನೆನಪಿನಲ್ಲಿ ಇರುತ್ತಿತ್ತು. ಹೊಸ ಪತ್ತು ಇರುವುದು ದಾಖಲೆಯಲ್ಲಿ ಮಾತ್ರ. ದಾಖಲೆ ಕಳುಹಿಸುವ ಸಂಸ್ಥೆಯಿಂದ ಪಡೆದ ಸಾಲವಷ್ಟೇ ಅದರ ಕಣ್ಣಿಗೆ ಬೀಳುತ್ತದೆ. ಕಿರಾಣಿ ಅಂಗಡಿಯ ಉದ್ರಿ, ಓಣಿಯ ಭಿಶಿ, ಸಾವಕಾರನ ಸಾಲ ಯಾವುದೂ ಅಲ್ಲಿಲ್ಲ. ರಾಜ್ಯದ ಸಹಕಾರ ಕಾಯ್ದೆಯಡಿ ನಡೆಯುವ ಸಣ್ಣ ಪತಸಂಸ್ಥೆಯ ಸಾಲವೂ ಸಾಮಾನ್ಯವಾಗಿ ಇರುವುದಿಲ್ಲ. ಚಾದರು ನೇಯುವ ಯಂತ್ರಮಗ್ಗದ ಕಾರ್ಮಿಕ ಇಪ್ಪತ್ತು ವರ್ಷ ಭಿಶಿಯ ಒಂದು ಕಂತೂ ತಪ್ಪಿಸದಿದ್ದರೂ, ಮನೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳು ಅಂಗಡಿಯ ಬಾಕಿಯನ್ನು ತಿಂಗಳು ತಿಂಗಳು ತೀರಿಸುತ್ತ ಬಂದಿದ್ದರೂ ಬ್ಯಾಂಕಿನ ಪರದೆಯ ಮೇಲೆ ಅವರ ಪತ್ತು ಖಾಲಿ. ವರದಿಯಲ್ಲಿ ಅದು -1 ಅಥವಾ ‘ಎನ್‌ಎಚ್’ ಎಂದು ಕಾಣುತ್ತದೆ, ಅಂದರೆ ಸಾಲದ ಇತಿಹಾಸವಿಲ್ಲ. ಕೆಟ್ಟ ಸ್ಕೋರ್ ಬೇರೆ, ಇಲ್ಲದ ಸ್ಕೋರ್ ಬೇರೆ. ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ತಳ್ಳಿಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಕೇಂದ್ರ ಹಣಕಾಸು ಇಲಾಖೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಶಾಖೆಯಲ್ಲಿ ‘ಸಿಬಿಲ್ ಇಲ್ಲ, ಸಾಲ ಇಲ್ಲ’ ಎಂಬ ಉತ್ತರ ಬಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು.

ಅಂಕ ಹೇಗೆ ಹುಟ್ಟುತ್ತದೆ

ಎಲ್ಲಕ್ಕಿಂತ ಹೆಚ್ಚು ತೂಕ ಮುದ್ದತ್ತಿನೊಳಗೆ ಕಂತು ಕಟ್ಟಿದ ಚರಿತ್ರೆಗೆ. ವರದಿಯಲ್ಲಿ ಪ್ರತಿ ಸಾಲದ ಕೆಳಗೆ ಕಳೆದ 36 ತಿಂಗಳ ಸಾಲು ಇರುತ್ತದೆ. ತಡವಿಲ್ಲದ ತಿಂಗಳಿಗೆ 000. 20 ದಿನ ತಡವಾದರೆ 020. ತಡ 90 ದಿನ ಮೀರಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ, ಅಂದರೆ ಎನ್‌ಪಿಎಗೆ ಸೇರುತ್ತದೆ. ಕಂಪನಿಗಳು ಈ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. 2025ರ ಜನವರಿ 1ರಿಂದ ಬ್ಯಾಂಕುಗಳು ತಿಂಗಳಿಗೊಮ್ಮೆ ಅಲ್ಲ, ಕನಿಷ್ಠ 15 ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕು. ತಡವೂ ಬೇಗ ಕಾಣುತ್ತದೆ, ಸುಧಾರಣೆಯೂ ಬೇಗ ಕಾಣುತ್ತದೆ.

ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಿತಿಯಲ್ಲಿ ಎಷ್ಟು ಬಳಸಿದ್ದಾರೆ ಎಂಬುದೂ ಲೆಕ್ಕ. 50,000 ರೂಪಾಯಿ ಮಿತಿಯ ಕಾರ್ಡಿನಲ್ಲಿ ಪ್ರತಿ ತಿಂಗಳು 45,000 ಬಳಸುವವರು ಪೂರ್ತಿ ಹಣ ಕಟ್ಟುತ್ತಿದ್ದರೂ ಕೈ ಬಿಗಿಯಾದವರಂತೆ ಕಾಣುತ್ತಾರೆ. 15,000ದೊಳಗೆ, ಅಂದರೆ ಶೇ. 30ರೊಳಗೆ ಇರುವುದು ರೂಢಿಯ ಸಲಹೆ. ಬಿಲ್ಲಿನಲ್ಲಿ ಬರೆದ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿದರೆ ಖಾತೆ ತಡದ ಪಟ್ಟಿಗೆ ಬೀಳುವುದಿಲ್ಲ. ಆದರೆ ಉಳಿದದ್ದಕ್ಕೆ ತಿಂಗಳಿಗೆ ಶೇ. 3ರ ಆಸುಪಾಸಿನ ಬಡ್ಡಿ ಏರುತ್ತದೆ. ಸಾವಕಾರನ ಬಡ್ಡಿಗೆ ಹೆದರುವವರು ಇದಕ್ಕೂ ಅಷ್ಟೇ ಹೆದರಬೇಕು. ಕಾರ್ಡಿನ ಬಾಕಿ ಮುದ್ದತ್ತು ಮುಗಿದು 3 ದಿನ ಮೀರಿದ ಮೇಲಷ್ಟೇ ಅದನ್ನು ‘ತಡ’ ಎಂದು ವರದಿ ಮಾಡಬೇಕೆಂಬ ನಿಯಮವಿದೆ.

ಉಳಿದವು ಸಣ್ಣ ತೂಕದವು: ಖಾತೆ ಎಷ್ಟು ಹಳೆಯದು, ಒತ್ತೆ ಇಟ್ಟ ಸಾಲ ಎಷ್ಟು, ಇಡದ ಸಾಲ ಎಷ್ಟು, ಇತ್ತೀಚೆಗೆ ಎಷ್ಟು ಕಡೆ ಅರ್ಜಿ ಹಾಕಲಾಗಿದೆ. ಒಂದೇ ತಿಂಗಳಲ್ಲಿ ಐದಾರು ಕಡೆ ಸಾಲ ಕೇಳಿದರೆ ಪ್ರತಿಯೊಂದು ವಿಚಾರಣೆಯೂ ದಾಖಲಾಗಿ ಅಂಕ ತಗ್ಗುತ್ತದೆ. ತಮ್ಮ ವರದಿಯನ್ನು ತಾವೇ ತೆಗೆದು ನೋಡಿದರೆ ಅಂಕ ತಗ್ಗುವುದಿಲ್ಲ. ಈ ತಪ್ಪು ಭಯದಿಂದ ವರ್ಷಗಟ್ಟಲೆ ವರದಿ ನೋಡದವರು ಬಹಳ. ಯಾವುದಕ್ಕೆ ಶೇಕಡಾ ಎಷ್ಟು ತೂಕ ಎಂದು ಖಚಿತವಾಗಿ ಹೇಳುವ ಲೇಖನಗಳನ್ನು ಅಂದಾಜು ಎಂದೇ ಓದಬೇಕು, ಏಕೆಂದರೆ ಕಂಪನಿಗಳು ಪೂರ್ತಿ ಸೂತ್ರವನ್ನು ಬಹಿರಂಗಪಡಿಸಿಲ್ಲ.

ಈ ಅಂಕದ ಬೆಲೆ ರೂಪಾಯಿಯಲ್ಲಿ ಎಷ್ಟು ಎಂದು ಒಂದು ಲೆಕ್ಕದಿಂದ ಕಾಣಬಹುದು. ಅಕ್ಕಲಕೋಟೆ ರಸ್ತೆಯ ಬದಿಯಲ್ಲಿ ಮನೆ ಕಟ್ಟಲು 20 ವರ್ಷದ ಮುದ್ದತ್ತಿಗೆ 15 ಲಕ್ಷ ಸಾಲ ಪಡೆದರೆ, ಶೇ. 8.5ರ ದರದಲ್ಲಿ ತಿಂಗಳ ಕಂತು ಸುಮಾರು 13,020 ರೂಪಾಯಿ, ಶೇ. 9.5 ಆದರೆ ಸುಮಾರು 13,980. ಬಡ್ಡಿಯಲ್ಲಿ ಶೇ. 1ರ ವ್ಯತ್ಯಾಸ 20 ವರ್ಷಕ್ಕೆ 2.3 ಲಕ್ಷ ದಾಟುತ್ತದೆ. ಈಗ ಅನೇಕ ಬ್ಯಾಂಕುಗಳು ಗೃಹಸಾಲದ ಬಡ್ಡಿಯನ್ನು ಸ್ಕೋರ್ ನೋಡಿಯೇ ನಿರ್ಧರಿಸುತ್ತವೆ.

ಮೊದಲ ಕೆಲಸ: ವರದಿ, ಅದರಲ್ಲೂ ಹೆಸರು

ನಾಲ್ಕೂ ಕಂಪನಿಗಳು ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೆ ಒಂದು ಕಂಪನಿಯಿಂದ ತರಿಸಿಕೊಂಡರೆ ಒಂದು ಪೈಸೆ ಖರ್ಚಿಲ್ಲದೆ ವರ್ಷವಿಡೀ ನಿಗಾ ಇಟ್ಟಂತಾಗುತ್ತದೆ. ಪ್ಯಾನ್ ಸಂಖ್ಯೆ, ಜನ್ಮದಿನಾಂಕ, ಒಟಿಪಿ ಬರುವ ಮೊಬೈಲ್ ಇಷ್ಟಿದ್ದರೆ ಸಾಕು. ಕಂಪನಿಯ ಸ್ವಂತ ಜಾಲತಾಣದಲ್ಲೇ ತರಿಸಿಕೊಳ್ಳುವುದು ಒಳ್ಳೆಯದು. ‘ಫ್ರೀ ಸ್ಕೋರ್’ ತೋರಿಸುವ ಅನೇಕ ಆ್ಯಪ್‌ಗಳು ಸಾಲ ಮಾರುವುದಕ್ಕೇ ಇರುವಂಥವು.

ವರದಿ ಕೈಗೆ ಬಂದ ಮೇಲೆ ಅಂಕಕ್ಕಿಂತ ಮೊದಲು ಹೆಸರು ನೋಡಬೇಕು. ಸೊಲ್ಲಾಪುರ ಜಿಲ್ಲೆಯ ಕನ್ನಡಿಗರಿಗೆ ಈ ಮಾತು ಉಳಿದವರಿಗಿಂತ ಹೆಚ್ಚು ಅನ್ವಯಿಸುತ್ತದೆ. ಗ್ರಾಮದೇವರು ಸಿದ್ಧರಾಮೇಶ್ವರ, ಆದ್ದರಿಂದ ಓಣಿಗೊಬ್ಬ ಸಿದ್ಧರಾಮ. ಇಂಗ್ಲಿಷಿನಲ್ಲಿ ಬರೆಯುವಾಗ ಆ ಒಂದೇ ಹೆಸರು ದ ಒಂದೋ ಎರಡೋ, ಹ ಇದೆಯೋ ಇಲ್ಲವೋ ಎಂಬಂತೆ ನಾಲ್ಕೈದು ರೂಪ ತಾಳುತ್ತದೆ. ರೇವಣಸಿದ್ಧ, ಮಲ್ಲಿನಾಥ, ಗುರುಶಾಂತಪ್ಪ ಎಂಬ ಹೆಸರುಗಳ ಪಾಡೂ ಇದೇ. ಪಾಟೀಲ, ಬಿರಾದಾರ, ಕೋಳಿ, ಸ್ವಾಮಿ ಎಂಬ ಅಡ್ಡಹೆಸರು ಒಂದೇ ಊರಿನಲ್ಲಿ ಹತ್ತಾರು ಮನೆಗೆ. ಮಹಾರಾಷ್ಟ್ರದ ಕಾಗದಗಳಲ್ಲಿ ಅಡ್ಡಹೆಸರು ಮೊದಲು ಬಂದರೆ, ಪ್ಯಾನ್‌ನಲ್ಲಿ ಕೊನೆಗೆ ಇರಬಹುದು. ಕನ್ನಡದಲ್ಲಿ ಹೇಳಿದ ಹೆಸರು ಮರಾಠಿಯಲ್ಲಿ ಬರೆಯಲ್ಪಟ್ಟು, ಅಲ್ಲಿಂದ ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಒಂದೆರಡು ಅಕ್ಷರ ಬದಲಾಗುವುದು ಸಾಮಾನ್ಯ. ಇಂಡಿ, ಅಫಜಲಪುರ, ಆಳಂದ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಪ್ಯಾನ್ ತಂದೆಯ ಹೆಸರಿನಲ್ಲಿ, ಆಧಾರ್ ಗಂಡನ ಹೆಸರಿನಲ್ಲಿ, ವಿಳಾಸ ಕರ್ನಾಟಕದ್ದು, ಸಾಲ ಮಹಾರಾಷ್ಟ್ರದ್ದು.

ಇದರ ಪರಿಣಾಮ ಎರಡು. ಒಬ್ಬರ ಒಳ್ಳೆಯ ಚರಿತ್ರೆ ಎರಡು ಕಡತವಾಗಿ ಒಡೆದು ಎರಡೂ ಬಡವಾಗುತ್ತವೆ. ಅಥವಾ ಅದೇ ಹೆಸರಿನ ಇನ್ನೊಬ್ಬರ ಕಟಬಾಕಿ ಇವರ ವರದಿಗೆ ಬಂದು ಕೂರುತ್ತದೆ. ಪರಿಹಾರ ಸರಳ, ತಾಳ್ಮೆ ಮಾತ್ರ ಬೇಕು: ಪ್ಯಾನ್‌ನಲ್ಲಿ ಇರುವ ಹೆಸರನ್ನೇ ಅಳತೆಗೋಲಾಗಿ ಹಿಡಿದು ಆಧಾರ್, ಬ್ಯಾಂಕ್ ಖಾತೆ, ಸಾಲದ ಅರ್ಜಿ ಎಲ್ಲದರಲ್ಲೂ ಅದೇ ಅಕ್ಷರ ಇರುವಂತೆ ಮಾಡಿಸಬೇಕು, ಸಾಲ ಕೊಟ್ಟ ಪ್ರತಿ ಸಂಸ್ಥೆಯಲ್ಲೂ ಪ್ಯಾನ್ ಸಂಖ್ಯೆ ಜೋಡಣೆಯಾಗಿದೆಯೇ ಎಂದು ಕೇಳಬೇಕು. ಹೆಸರು ಹತ್ತು ಜನರಿಗೆ ಒಂದೇ ಇರಬಹುದು, ಪ್ಯಾನ್ ಸಂಖ್ಯೆ ಒಬ್ಬರಿಗೇ.

ಬಳಿಕ ನೋಡಬೇಕಾದದ್ದು ತಾವು ಪಡೆಯದ ಸಾಲ ಏನಾದರೂ ಇದೆಯೇ, ತೀರಿಸಿದ ಸಾಲ ಇನ್ನೂ ಬಾಕಿ ಎಂದು ಕಾಣುತ್ತಿದೆಯೇ ಎಂಬುದು. ಅಂಗಡಿಯಲ್ಲಿ ಕಂತಿನ ಮೇಲೆ ಮೊಬೈಲ್ ಕೊಂಡಾಗ ಕೊಟ್ಟ ಪ್ಯಾನ್ ಪ್ರತಿಯ ಮೇಲೆ ಬೇರೆ ಸಾಲ ಎದ್ದಿರುವುದು ಬಯಲಾಗುವುದು ಇಲ್ಲಿಯೇ.

ಖಾಲಿಯಿಂದ ಕಟ್ಟುವುದು

ಇತಿಹಾಸ ಇಲ್ಲದವರು ದೊಡ್ಡ ಸಾಲದಿಂದ ಆರಂಭಿಸಬಾರದು. ಎಲ್ಲಕ್ಕಿಂತ ಸುರಕ್ಷಿತ ದಾರಿ ಮುದ್ದತ್ತು ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಹತ್ತು ಹದಿನೈದು ಸಾವಿರ ಠೇವಣಿ ಇಟ್ಟರೆ ಅದರ ಬಹುಪಾಲು ಮಿತಿಯಾಗಿ ಸಿಗುತ್ತದೆ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ತಿಂಗಳಿಗೆ ಒಂದೆರಡು ಸಾವಿರದ ಕಿರಾಣಿಯನ್ನು ಅದರಲ್ಲಿ ಕೊಂಡು ಪೂರ್ತಿ ಬಿಲ್ಲು ಕಟ್ಟುತ್ತ ಬಂದರೆ ಆರು ತಿಂಗಳ ಆಸುಪಾಸಿನಲ್ಲಿ ಸ್ಕೋರ್ ಹುಟ್ಟುತ್ತದೆ.

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದೇವಸ್ಥಾನದ ಸುತ್ತ ಹೂವು, ಕಾಯಿ, ಆಟಿಕೆ ಮಾರುವವರಿಗೆ ಪಿಎಂ ಸ್ವನಿಧಿ ಹೇಳಿ ಮಾಡಿಸಿದಂತಿದೆ. 2020ರ ಜೂನ್ 1ರಂದು ಆರಂಭವಾದ ಈ ಯೋಜನೆಯಲ್ಲಿ ಒತ್ತೆ ಬೇಡ. 2025ರ ಆಗಸ್ಟ್‌ನ ಪರಿಷ್ಕರಣೆಯ ಬಳಿಕ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿವರೆಗೆ. ಮುದ್ದತ್ತಿನೊಳಗೆ ಕಟ್ಟಿದವರಿಗೆ ಶೇ. 7ರ ಬಡ್ಡಿ ಸಹಾಯಧನ, ಎರಡನೆಯ ಸಾಲ ತೀರಿಸಿದವರಿಗೆ ರೂಪೇ ಕ್ರೆಡಿಟ್ ಕಾರ್ಡ್ ಅವಕಾಶ. ಅರ್ಜಿ ನಗರ ಪರಿಷತ್ತಿನ ಮೂಲಕವೂ ಸಾಗುತ್ತದೆ. ಕುಂಬಾರ, ಬಡಿಗ, ಸಿಂಪಿಗ, ಚಮ್ಮಾರ ಮೊದಲಾದ 18 ಕಸುಬಿನವರಿಗೆ 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಿಗುತ್ತದೆ.

ಬಂಗಾರದ ಮೇಲಿನ ಸಾಲ ಈ ಭಾಗದಲ್ಲಿ ಸರ್ವೇಸಾಮಾನ್ಯ. ಬ್ಯಾಂಕಿನಿಂದ ಅಥವಾ ನೋಂದಾಯಿತ ಹಣಕಾಸು ಕಂಪನಿಯಿಂದ ಪಡೆದರೆ ಅದೂ ದಾಖಲಾಗುತ್ತದೆ. ಆದರೆ ಆಭರಣ ಅವರ ಬಳಿಯೇ ಇದೆಯಲ್ಲ ಎಂದು ಮುದ್ದತ್ತು ಮರೆಯುವುದೇ ಇಲ್ಲಿನ ತಪ್ಪು. ವರ್ಷ ತುಂಬಿದ ದಿನ ಬಿಡಿಸಿಕೊಳ್ಳದೆ, ನವೀಕರಣವನ್ನೂ ಮಾಡಿಸದೆ ಬಿಟ್ಟರೆ ಒಡವೆ ಭದ್ರವಾಗಿದ್ದರೂ ಅಂಕ ಕರಗುತ್ತದೆ.

ರೈತರ ಲೆಕ್ಕ ಬೇರೆ

ಸಂಬಳದವರ ಕಂತು ತಿಂಗಳಿಗೊಮ್ಮೆ, ರೈತರದು ಸುಗ್ಗಿಗೊಮ್ಮೆ. ದುಧನಿಯ ಪೇಟೆಗೆ ತೊಗರಿ ಬಂದು ಮಾರಾಟವಾದ ಮೇಲೆ, ಇಲ್ಲವೇ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ಮೇಲೆ ರೊಕ್ಕ. ಇದನ್ನು ಮನಗಂಡೇ ಬೆಳೆಸಾಲಕ್ಕೆ 90 ದಿನದ ಅಳತೆಯಿಲ್ಲ: ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ಕಬ್ಬಿನಂಥ ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದ ಮೇಲಷ್ಟೇ ಖಾತೆ ಎನ್‌ಪಿಎ ಆಗುತ್ತದೆ. ಹಾಗೆಂದು ಕೊನೆಯವರೆಗೆ ಕಾಯುವುದು ನಷ್ಟ. ಮುದ್ದತ್ತಿನೊಳಗೆ ಕಟ್ಟಿದರೆ ಕೇಂದ್ರದ ರಿಯಾಯಿತಿಯಿಂದ 3 ಲಕ್ಷದವರೆಗಿನ ಸಾಲದ ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ; ಮಹಾರಾಷ್ಟ್ರದ ಡಾ. ಪಂಜಾಬರಾವ್ ದೇಶಮುಖ ಬಡ್ಡಿ ರಿಯಾಯಿತಿ ಯೋಜನೆ ಉಳಿದ ಬಡ್ಡಿಯ ಭಾರವನ್ನೂ ಹಗುರ ಮಾಡುತ್ತದೆ. ಬೆಳೆಸಾಲಕ್ಕೆ ಸಿಬಿಲ್ ಕೇಳಬಾರದೆಂದು ರಾಜ್ಯದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ 2025ರ ಮೇ ತಿಂಗಳ ಬ್ಯಾಂಕರ್‌ಗಳ ಸಭೆಯಲ್ಲಿ ತಾಕೀತು ಮಾಡಿದ್ದರು. ಆದರೆ ಆ ಮಾತು ಬೆಳೆಸಾಲದ್ದು. ಟ್ರ್ಯಾಕ್ಟರ್, ಹನಿ ನೀರಾವರಿ, ಮಕ್ಕಳ ಓದು ಎಂದು ಹೋದಾಗ ಸ್ಕೋರ್ ಎದುರಿಗೆ ಬಂದೇ ಬರುತ್ತದೆ. ಊರಿನ ಸೊಸೈಟಿಯ ಮೂಲಕ ಪಡೆದ ಸಾಲ ವರದಿಯಲ್ಲಿ ಕಾಣದೆಯೂ ಇರಬಹುದು, ಆದ್ದರಿಂದ ಅಲ್ಲಿ ಹಲವು ವರ್ಷ ಶಿಸ್ತಿನಿಂದ ಕಟ್ಟಿದವರು ಸೊಸೈಟಿಯ ಖಾತೆ ಉತಾರವನ್ನು ಬ್ಯಾಂಕಿಗೆ ಒಯ್ದು ತೋರಿಸಬೇಕು.

ಸಾಲಮನ್ನಾ ಇನ್ನೊಂದು ಗಂಟು. ಮಹಾರಾಷ್ಟ್ರದಲ್ಲಿ 2017ರಲ್ಲಿ ಒಂದು, 2019ರ ಡಿಸೆಂಬರ್‌ನಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಹೆಸರಿನ ಇನ್ನೊಂದು ಮನ್ನಾ ಯೋಜನೆ ಬಂತು. ಎರಡನೆಯದರಲ್ಲಿ 2 ಲಕ್ಷದವರೆಗಿನ ಬಾಕಿ ಮನ್ನಾ ಆಯಿತು. ಮನ್ನಾ ಆದ ಖಾತೆ ವರದಿಯಲ್ಲಿ ಹೇಗೆ ಕಾಣುತ್ತಿದೆ ಎಂಬುದನ್ನು ಪ್ರತಿ ಫಲಾನುಭವಿಯೂ ತೆರೆದು ನೋಡಬೇಕು. ಸರ್ಕಾರ ಹಣ ತುಂಬಿದ ಬಳಿಕವೂ ‘ಬಾಕಿ’ ಎಂದೋ ‘ಸೆಟಲ್ಡ್’ (ರಿಯಾಯಿತಿಯಲ್ಲಿ ಮುಗಿಸಿದ್ದು) ಎಂದೋ ಇದ್ದರೆ ಬ್ಯಾಂಕಿನಿಂದ ಬೇಬಾಕಿ ದಾಖಲೆ ಪಡೆದು ತಿದ್ದಿಸಬೇಕು; ಸಾತ್‌ಬಾರಾ ಉತಾರದ ಮೇಲಿನ ಬೋಜಾ ಇಳಿದಿದೆಯೇ ಎಂದು ತಲಾಠಿ ಕಚೇರಿಯಲ್ಲೂ ಕೇಳಬೇಕು. ಮನ್ನಾ ಬಂದೀತೆಂದು ಕಂತು ನಿಲ್ಲಿಸುವವರು ಒಂದು ಸತ್ಯ ತಿಳಿದಿರಬೇಕು: ಮನ್ನಾದಿಂದ ಬಾಕಿ ಹೋಗುತ್ತದೆ, ತಡದ ದಾಖಲೆ ಹೋಗುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಉಕ್ಕಿದಾಗ ಆದಂತೆ ಬೆಳೆ ಕೊಚ್ಚಿಹೋದರೆ ದಾರಿ ಬೇರೆಯೇ ಇದೆ. ನೈಸರ್ಗಿಕ ವಿಕೋಪವೆಂದು ಘೋಷಣೆಯಾದ ಪ್ರದೇಶದಲ್ಲಿ ಸಾಲದ ಮುದ್ದತ್ತನ್ನು ಮುಂದೂಡಿ ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲೇ ಅವಕಾಶವಿದೆ. ಸರ್ಕಾರ ವಸೂಲಿಗೆ ತಡೆ ಕೊಟ್ಟಿತು ಎಂದರೆ ಸಾಲದ ಮರುಹೊಂದಿಕೆ ಆಯಿತು ಎಂದಲ್ಲ. ಮುದ್ದತ್ತು ಮುಗಿಯುವ ಮೊದಲೇ ಪಂಚನಾಮೆಯ ಪ್ರತಿಯೊಂದಿಗೆ ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಬೇರೆಯವರ ಸಾಲಕ್ಕೆ ತನ್ನ ಹೆಸರು

ಸ್ಕೋರ್ ಕೆಡುವ ಅತ್ಯಂತ ನೋವಿನ ಬಗೆ ಇದು, ಏಕೆಂದರೆ ಇಲ್ಲಿ ಕೆಡುವುದು ಒಳ್ಳೆಯ ಮನಸ್ಸಿನವರದು. ಬೀಗರಿಗೋ ಗೆಳೆಯರಿಗೋ ಜಾಮೀನು ಹಾಕಿದ ಸಾಲ ಜಾಮೀನುದಾರರ ವರದಿಯಲ್ಲೂ ಇರುತ್ತದೆ. ಅವರು ತಪ್ಪಿಸಿದ ಕಂತು ಇವರ ಅಂಕವನ್ನೂ ತಗ್ಗಿಸುತ್ತದೆ. ಜಾಮೀನು ಹಾಕಲೇಬೇಕಾದರೆ ಸಾಲದ ಖಾತೆಯ ಸಂಖ್ಯೆ ಬರೆದಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಉತಾರ ಕೇಳುವ ಸಂಕೋಚವನ್ನು ಬಿಡಬೇಕು.

ಬಚತ್ ಗಟದ ಹೆಣ್ಣುಮಕ್ಕಳು ಎರಡು ಬಗೆಯ ಸಾಲವನ್ನು ಬೇರೆ ಬೇರೆ ಗುರುತಿಸಬೇಕು. ಬ್ಯಾಂಕು ಗಟಕ್ಕೆ ಕೊಡುವ ಸಾಲ ಗಟದ ಹೆಸರಿನದು, ಆದರೂ ಸದಸ್ಯೆಯರ ವಿವರವನ್ನು ಕಳುಹಿಸುವಂತೆ ರಿಸರ್ವ್ ಬ್ಯಾಂಕ್ 2016ರಲ್ಲೇ ಸೂಚಿಸಿದೆ. ಮೈಕ್ರೊಫೈನಾನ್ಸ್ ಕಂಪನಿ ಐದು ಹತ್ತು ಜನರನ್ನು ಕೂಡಿಸಿ ಕೊಡುವ ಸಾಲ ನೇರವಾಗಿ ಒಬ್ಬೊಬ್ಬರ ಹೆಸರಿನದು. ‘ನಿನ್ನ ಹೆಸರಿನಲ್ಲಿ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ’ ಎಂಬ ಮಾತಿಗೆ ಒಪ್ಪಿ ಆಧಾರ್ ಕೊಟ್ಟವರು, ಮುಂದೆ ತಮ್ಮ ಮನೆಗೆ ಬೇಕಾದಾಗ ಬಾಗಿಲು ಮುಚ್ಚಿರುವುದನ್ನು ಕಾಣುತ್ತಾರೆ. ಮೈಕ್ರೊಫೈನಾನ್ಸ್ ಸಾಲಕ್ಕೆ 2022ರಿಂದ ಒಂದು ಅಂಕೆಯಿದೆ: ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಆದಾಯವನ್ನು ಹೆಚ್ಚು ಬರೆಸಿ ಈ ಅಂಕೆ ತಪ್ಪಿಸಿದರೆ ಹೊರೆ ಬೀಳುವುದು ಬರೆಸಿದವರ ಮೇಲಲ್ಲ, ಸಹಿ ಹಾಕಿದವಳ ಮೇಲೆ.

ಕೆಟ್ಟದ್ದನ್ನು ಸರಿಪಡಿಸುವುದು

ಹಲವು ಬಾಕಿಗಳಿದ್ದರೆ 90 ದಿನದ ಗಡಿಗೆ ಹತ್ತಿರ ಇರುವುದನ್ನು ಮೊದಲು ಕಟ್ಟಬೇಕು, ಆಮೇಲೆ ಬಡ್ಡಿ ಹೆಚ್ಚಿರುವುದನ್ನು. ಹಳೆಯ ಬಾಕಿಗೆ ಬ್ಯಾಂಕು ‘ಇಷ್ಟು ಕಟ್ಟಿ ಮುಗಿಸಿಬಿಡಿ’ ಎಂದು ರಿಯಾಯಿತಿ ಕೊಟ್ಟಾಗ ಖಾತೆ ‘ಸೆಟಲ್ಡ್’ ಆಗುತ್ತದೆ, ‘ಕ್ಲೋಸ್ಡ್’ ಆಗುವುದಿಲ್ಲ. ಮುಂದಿನ ಬ್ಯಾಂಕು ಅದನ್ನು ಪೂರ್ತಿ ತೀರಿಸದ ಸಾಲವೆಂದೇ ಓದುತ್ತದೆ. ಶಕ್ತಿ ಇದ್ದವರು ಉಳಿದ ಮೊತ್ತವನ್ನೂ ಕಟ್ಟಿ ‘ಕ್ಲೋಸ್ಡ್’ ಎಂದು ಮಾಡಿಸಿಕೊಳ್ಳುವುದೇ ಲೇಸು. ಏನೂ ಕಟ್ಟಲಾಗದ ಸ್ಥಿತಿಯಲ್ಲಿ ಸೆಟಲ್‌ಮೆಂಟ್ ಕೂಡ ಬಾಕಿ ಬೆಳೆಯುವುದಕ್ಕಿಂತ ಮೇಲು. ಯಾವುದೇ ಸಾಲ ತೀರಿದ ದಿನ ಬೇಬಾಕಿ ಪತ್ರ ಪಡೆಯದೆ ಶಾಖೆಯಿಂದ ಹೊರಬರಬಾರದು. ಒತ್ತೆಯಿಟ್ಟ ಆಸ್ತಿಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು 2023ರ ನಿಯಮ ಹೇಳುತ್ತದೆ.

ಯಂತ್ರಮಗ್ಗದ ಮಾಲೀಕರು ಎರಡು ಅಂಕಗಳನ್ನು ಕಾಯಬೇಕು: ಸ್ವಂತದ ಸ್ಕೋರ್ ಒಂದು, ಉದ್ಯಮದ ರ‍್ಯಾಂಕ್ ಇನ್ನೊಂದು. ಅದು 1ರಿಂದ 10ರವರೆಗೆ, 1 ಉತ್ತಮ.

‘ಹತ್ತು ಸಾವಿರ ಕೊಡಿ, ಒಂದು ತಿಂಗಳಲ್ಲಿ ಸಿಬಿಲ್ ಸರಿಮಾಡುತ್ತೇವೆ’ ಎನ್ನುವ ಏಜೆಂಟರನ್ನು ನಂಬಬಾರದು. ನಿಜವಾದ ಕಟಬಾಕಿಯನ್ನು ಅಳಿಸುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ತಪ್ಪು ನಮೂದನ್ನು ತಿದ್ದಿಸಲು ಏಜೆಂಟ್ ಬೇಕಾಗಿಯೇ ಇಲ್ಲ.

ತಪ್ಪು ಕಂಡವರು ಆ ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲಿ ತಕರಾರು ದಾಖಲಿಸಿ, ಸಾಲ ಕೊಟ್ಟ ಸಂಸ್ಥೆಗೂ ಬರೆಯಬೇಕು. ಎರಡಕ್ಕೂ ಶುಲ್ಕವಿಲ್ಲ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಷ್ಟಕ್ಕೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಆ ವ್ಯಾಪ್ತಿಯಲ್ಲಿವೆ. ಆನ್‌ಲೈನ್ ಬಾರದವರು ಅಂಚೆಯಲ್ಲೂ ಕಳುಹಿಸಬಹುದು. ಮಾಹಿತಿಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448. ಅಲ್ಲಿ ಹಿಂದಿ, ಇಂಗ್ಲಿಷ್, ಮರಾಠಿಯ ಜೊತೆಗೆ ಕನ್ನಡದಲ್ಲೂ ಉತ್ತರ ಸಿಗುತ್ತದೆ.